ಕಾಲಿನ ರಕ್ತಸಂಚಾರ ಹಠಾತ್ತನೆ ನಿಂತಾಗ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ತುರ್ತು ಚಿಕಿತ್ಸೆ

ಕಾಲಿಗೆ ರಕ್ತ ಒಯ್ಯುವ ಅಪಧಮನಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ ಆ ಕಾಲನ್ನು ಪೂರ್ತಿಯಾಗಿ ಉಳಿಸಿಕೊಳ್ಳಲು ಸಿಗುವ ಸಮಯ ಸುಮಾರು 6 ಗಂಟೆ. ರಕ್ತವಿಲ್ಲದೆ ಮೊದಲು ಸೋಲುವುದು ನರ, ಅದರ ಬೆನ್ನಿಗೇ ಸ್ನಾಯು. ಚರ್ಮ ಎಲ್ಲಕ್ಕಿಂತ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಹಾಗಾಗಿ ಹೊರಗೆ ಚರ್ಮ ಬಿಳಿಚಿಕೊಂಡಿದೆ, ಅಷ್ಟೇ ಎಂದು ಕಾಣುವ ಹೊತ್ತಿಗೆ ಒಳಗೆ ಮೀನಖಂಡದ ಸ್ನಾಯು ಸತ್ತಿರಬಹುದು. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಹೊರಡುವವರು ಆ ವೇಳೆಗಾಗಲೇ ಒಂದು ಹಗಲನ್ನೋ ಒಂದು ರಾತ್ರಿಯನ್ನೋ ಕಳೆದುಕೊಂಡಿರುತ್ತಾರೆ.

6 ಗಂಟೆಯ ಲೆಕ್ಕ ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುವುದಿಲ್ಲ. ಬೀಡಿ ಸೇದಿ ಸೇದಿ, ಅಥವಾ ಸಕ್ಕರೆ ಕಾಯಿಲೆಯಿಂದ, ನಾಳ ವರ್ಷಗಟ್ಟಲೆ ನಿಧಾನವಾಗಿ ಕಟ್ಟಿಕೊಂಡು ಬಂದಿದ್ದರೆ, ಹೂಳು ತುಂಬಿದ ಕಾಲುವೆಯ ನೀರು ಅಕ್ಕಪಕ್ಕದಲ್ಲಿ ಸಣ್ಣ ದಾರಿ ಮಾಡಿಕೊಳ್ಳುವ ಹಾಗೆ ರಕ್ತವೂ ಪಕ್ಕದ ಕಿರುನಾಳಗಳಲ್ಲಿ ಹರಿಯಲು ಕಲಿತಿರುತ್ತದೆ. ಇಂಥವರಲ್ಲಿ ಮುಖ್ಯ ನಾಳ ಪೂರ್ತಿ ಮುಚ್ಚಿದರೂ ಕಾಲು ಒಂದೆರಡು ದಿನ ಜೀವ ಹಿಡಿದುಕೊಂಡಿರಬಹುದು. ಅಲ್ಲಿಯವರೆಗೆ ಆರೋಗ್ಯವಾಗಿದ್ದ ನಾಳಕ್ಕೆ ಹೃದಯದಿಂದ ಹೆಪ್ಪುಗಟ್ಟಿದ ರಕ್ತದ ತುಂಡೊಂದು ಬಂದು ಬಿದ್ದರೆ ಇಂಥ ಪಕ್ಕದ ದಾರಿ ಯಾವುದೂ ಇರುವುದಿಲ್ಲ. ಅವರ ಗಡಿಯಾರ ಬಹಳ ಬೇಗ ಓಡುತ್ತದೆ. ಎರಡು ವಾರದೊಳಗೆ, ಅಂದರೆ 14 ದಿನದ ಒಳಗೆ, ಶುರುವಾಗಿ ಕಾಲಿಗೆ ಅಪಾಯ ತಂದೊಡ್ಡಿರುವ ರಕ್ತದ ಕೊರತೆಯನ್ನೆಲ್ಲ ವೈದ್ಯರು ಈ ತುರ್ತು ಕಾಯಿಲೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ ಮೊದಲ ದಿನವೇ, ಅದರಲ್ಲೂ ಮೊದಲ ಕೆಲವು ಗಂಟೆಗಳೇ, ಕಾಲಿನ ಹಣೆಬರಹವನ್ನು ತೀರ್ಮಾನಿಸುವುದು ಹೆಚ್ಚು.

ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗದ ಮೂರು ತಾಲ್ಲೂಕುಗಳಾದ ಕಡೂರು, ತರೀಕೆರೆ ಹಾಗೂ ತರೀಕೆರೆಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಅಜ್ಜಂಪುರಗಳಿಗೆ ಈ ಗಡಿಯಾರದ ಲೆಕ್ಕ ಬಹಳ ಮುಖ್ಯ. ಕಡೂರಿನಿಂದ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ಸಖರಾಯಪಟ್ಟಣದ ಮೇಲೆ ಸುಮಾರು 40 ಕಿಲೋಮೀಟರ್. ತರೀಕೆರೆಯಿಂದ ಭದ್ರಾವತಿ ದಾಟಿ ಶಿವಮೊಗ್ಗಕ್ಕೂ ಹೆಚ್ಚುಕಡಿಮೆ ಅಷ್ಟೇ. ಕಡೂರಿನಿಂದ ಅರಸೀಕೆರೆ, ತಿಪಟೂರು, ತುಮಕೂರಿನ ಮೇಲೆ ಬೆಂಗಳೂರಿಗೆ 200 ಕಿಲೋಮೀಟರಿಗೂ ಮೇಲೆ, ಆಂಬ್ಯುಲೆನ್ಸ್‌ನಲ್ಲಿ ನಾಲ್ಕು ಗಂಟೆಯ ಹಾದಿ. ಸಿಂಗಟಗೆರೆ, ಪಂಚನಹಳ್ಳಿ, ಯಗಟಿ ಕಡೆಯ ಹಳ್ಳಿಗಳಿಂದಲೋ ಶಿವನಿ ಕಡೆಯಿಂದಲೋ ಹೊರಡುವವರು ತಾಲ್ಲೂಕು ಕೇಂದ್ರ ಮುಟ್ಟುವ ಹೊತ್ತನ್ನೂ ಇದಕ್ಕೆ ಕೂಡಿಸಬೇಕು. ಬೆಳಿಗ್ಗೆ ಕಾಲು ಹಿಡಿದುಕೊಂಡ ರೋಗಿ ಒಂದು ಕಡೆ ನೋವಿನ ಇಂಜೆಕ್ಷನ್ ತೆಗೆದುಕೊಂಡು, ಇನ್ನೊಂದು ಕಡೆ ಸ್ಕ್ಯಾನಿಂಗ್‌ಗೆ ಕಾದು, ಮೂರನೆಯ ಕಡೆ ‘ನಮ್ಮಲ್ಲಿ ಆಗುವುದಿಲ್ಲ’ ಎನ್ನಿಸಿಕೊಂಡು ಬೆಂಗಳೂರಿನ ದಾರಿ ಹಿಡಿದರೆ, ತುಮಕೂರು ದಾಟುವಾಗಲೇ ಸಮಯ ಮೀರಿರುತ್ತದೆ. ಶಸ್ತ್ರಚಿಕಿತ್ಸೆ ದೂರದ ಊರಿನಲ್ಲೇ ಆಗಬೇಕಾಗಬಹುದು. ಆದರೆ ಕಾಯಿಲೆಯನ್ನು ಗುರುತಿಸುವುದು, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಡುವುದು, ಸರಿಯಾದ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕಳಿಸುವುದು ಈ ಮೂರೂ ಕಡೂರಿನಲ್ಲೇ, ತರೀಕೆರೆಯಲ್ಲೇ, ಅಜ್ಜಂಪುರದಲ್ಲೇ ಆಗಬಹುದಾದ ಕೆಲಸಗಳು. ಕಾಲು ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಇವುಗಳ ಮೇಲೆ ನಿಂತಿದೆ.

ರಕ್ತ ಹಠಾತ್ತನೆ ನಿಲ್ಲಲು ಎರಡು ಮುಖ್ಯ ಕಾರಣಗಳಿವೆ. ಒಂದು, ಬೇರೆಡೆ ಹೆಪ್ಪುಗಟ್ಟಿದ ರಕ್ತ ಹರಿದುಬಂದು ಸಿಕ್ಕಿಕೊಳ್ಳುವುದು. ಇದರ ತವರು ಸಾಮಾನ್ಯವಾಗಿ ಹೃದಯ. ಹೃದಯದ ಬಡಿತ ಲಯ ತಪ್ಪಿ ಮೇಲಿನ ಕೋಣೆ ಬರೀ ನಡುಗುತ್ತಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೃದಯಾಘಾತವಾದ ಮೇಲೆ ಕದಲದೆ ಉಳಿದ ಗೋಡೆಯ ಬದಿಯಲ್ಲೂ, ಕೃತಕ ವಾಲ್ವ್ ಇರುವವರು ಮಾತ್ರೆ ಬಿಟ್ಟಾಗ ಆ ವಾಲ್ವಿನ ಮೇಲೂ ಹೀಗೆಯೇ ಆಗುತ್ತದೆ. ಶ್ರೀಮಂತ ದೇಶಗಳ ಪಠ್ಯಪುಸ್ತಕಗಳಲ್ಲಿ ಈ ರೋಗಿ ಎಪ್ಪತ್ತು ದಾಟಿದವನು. ನಮ್ಮ ಕಡೆ ಅವಳು ಮೂವತ್ತೈದರ ಗೃಹಿಣಿಯೂ ಆಗಿರಬಹುದು. ಚಿಕ್ಕಂದಿನಲ್ಲಿ ಗಂಟಲು ನೋವು, ಅದರ ಹಿಂದೆಯೇ ಕೀಲುಗಳ ಊತ, ಜ್ವರ ಬಂದು ಹೋಗಿ, ಅದೇ ಮುಂದೆ ಹೃದಯದ ಮೈಟ್ರಲ್ ವಾಲ್ವನ್ನು ಕಿರಿದಾಗಿಸಿರುತ್ತದೆ. ಅವಳಿಗೆ ಹೆರಿಗೆಯ ಹೊತ್ತಿನಲ್ಲಿ ಏದುಸಿರು ಬಂದಿತ್ತು, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಯಾರೂ ಕಾಲಿನ ನೋವಿನ ಜೊತೆಗಿಟ್ಟು ನೋಡಿರುವುದಿಲ್ಲ.

ಎರಡನೆಯದು, ಕಾಲಿನ ನಾಳದಲ್ಲೇ ರಕ್ತ ಹೆಪ್ಪುಗಟ್ಟುವುದು. ಕೊಬ್ಬು, ಸುಣ್ಣ ಕಟ್ಟಿ ಮೊದಲೇ ಕಿರಿದಾದ ನಾಳದಲ್ಲಿ, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ರಕ್ತದೊತ್ತಡದವರಲ್ಲಿ, ವಾಂತಿಭೇದಿಯಿಂದ ಮೈಯ ನೀರು ಒಣಗಿದ ದಿನವೇ ಇದು ಸಂಭವಿಸಬಹುದು. ಸಂತೆಯಿಂದ ಮನೆಗೆ ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತು ಸುಧಾರಿಸಿಕೊಳ್ಳುತ್ತಿದ್ದ ಹಳೆಯ ಕಥೆ ಇವರಲ್ಲಿ ಸಾಮಾನ್ಯವಾಗಿ ಇರುತ್ತದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ಕಾಯಿಲೆ ಬೇರೆಯದೇ. ಬೀಡಿ ಸಿಗರೇಟು ಸೇದುವ ಯುವಕರಲ್ಲಿ, ನಲವತ್ತೈದರ ಒಳಗೇ, ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿಹೋಗುವ ಕಾಯಿಲೆ ಅದು. ಅದಕ್ಕೆ ಸೇದುವುದನ್ನು ನಿಲ್ಲಿಸುವುದೊಂದನ್ನು ಬಿಟ್ಟು ಬೇರೆ ನಿಜವಾದ ಮದ್ದು ಇಲ್ಲ. ಹಿಂದೆ ಬೈಪಾಸ್ ಅಥವಾ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅದೇ ಮುಚ್ಚುವುದುಂಟು. ಮೊಣಕಾಲ ಹಿಂದಿನ ನಾಳ ಉಬ್ಬಿಕೊಂಡು ಅದರೊಳಗೆ ರಕ್ತ ಗಟ್ಟಿಯಾಗುವುದೂ ಉಂಟು. ಗಾಯದಿಂದ ಆಗುವುದರ ವಿಷಯ ಮುಂದೆ ಬರುತ್ತದೆ.

ಲಕ್ಷಣಗಳನ್ನು ವೈದ್ಯ ವಿದ್ಯಾರ್ಥಿಗಳು ಆರು ಎಂದು ಬಾಯಿಪಾಠ ಮಾಡುತ್ತಾರೆ. ನೋವು, ಬಿಳಿಚಿಕೊಳ್ಳುವಿಕೆ, ನಾಡಿ ಸಿಗದಿರುವುದು, ತಣ್ಣಗಾಗುವುದು, ಜೋಮು, ಕೊನೆಗೆ ಕಾಲು ಅಲುಗಾಡಿಸಲಾಗದಿರುವುದು. ಊರಿನಲ್ಲಿ ಜನ ಇದನ್ನು ಹೇಳುವ ರೀತಿ ಬೇರೆ. ‘ಕಾಲು ಐಸಿನಂಗಾಗಿದೆ’, ‘ಜೋಮು ಬಿಡ್ತಾನೇ ಇಲ್ಲ’, ‘ಚಪ್ಪಲಿ ಜಾರಿ ಹೋದ್ರೂ ಗೊತ್ತಾಗ್ಲಿಲ್ಲ’ ಎನ್ನುತ್ತಾರೆ. ಈ ಕೊನೆಯ ಮಾತು ಕೇಳಿದರೆ ವೈದ್ಯರು ಕುರ್ಚಿಯಿಂದ ಏಳಬೇಕು. ಸ್ಪರ್ಶ ಹೋಗುವುದು, ಹೆಬ್ಬೆರಳು ಮೇಲೆತ್ತಲು ಬಾರದಿರುವುದು ನರ ಮತ್ತು ಸ್ನಾಯು ಸಾಯತೊಡಗಿರುವುದರ ಗುರುತು. ಮುಂದಿನ ಕೆಲವೇ ಗಂಟೆಗಳಲ್ಲಿ ರಕ್ತ ಹರಿಯದಿದ್ದರೆ ಕಾಲು ಹೋಯಿತೆಂದೇ ಅರ್ಥ. ಸಕ್ಕರೆ ಕಾಯಿಲೆಯಿಂದ ಪಾದದ ನರ ಮೊದಲೇ ಮಂಕಾಗಿರುವವರಲ್ಲಿ ನೋವೇ ಹೆಚ್ಚು ಇರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಪರೀಕ್ಷೆಗೆ ಯಂತ್ರವೇನೂ ಬೇಡ. ಎರಡೂ ಕಾಲನ್ನು ಮೊಣಕಾಲಿನ ಮೇಲಿನವರೆಗೆ ಬಿಚ್ಚಿ, ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು. ಕೈಯ ಹಿಂಬದಿಯನ್ನು ತೊಡೆಯಿಂದ ಕೆಳಗೆ ಸವರುತ್ತ ಬಂದರೆ ಒಂದು ಮಟ್ಟದಲ್ಲಿ ಬಿಸಿ ಹೋಗಿ ತಂಪು ಶುರುವಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ನಾಳ ಮುಚ್ಚಿರುವುದು ಸಾಮಾನ್ಯವಾಗಿ ಅದಕ್ಕಿಂತ ಒಂದು ಕೀಲು ಮೇಲೆ. ಬೆರಳ ತುದಿಯನ್ನು ಒತ್ತಿ ಬಿಟ್ಟರೆ ಕೆಂಪು ಮರಳಲು ಬಹಳ ಹೊತ್ತು ಹಿಡಿಯುತ್ತದೆ. ಆಮೇಲೆ ನಾಡಿ. ಪಾದದ ಮೇಲೆ, ಹೆಬ್ಬೆರಳಿನ ಸ್ನಾಯುರಜ್ಜುವಿನ ಪಕ್ಕದಲ್ಲಿ ಒಂದು. ಕಣಕಾಲಿನ ಒಳಗಂಟಿನ ಹಿಂದೆ ಒಂದು. ಮೊಣಕಾಲ ಹಿಂದೆ, ತೊಡೆಸಂದಿನಲ್ಲಿ ಒಂದೊಂದು. ಪಾದದ ಮೇಲಿನ ನಾಡಿ ಕೆಲವರಲ್ಲಿ ಹುಟ್ಟಿನಿಂದಲೇ ಸಿಗುವುದಿಲ್ಲ. ಅದಕ್ಕೇ ಕಣಕಾಲಿನ ಹಿಂದಿನದನ್ನೂ ನೋಡಬೇಕು, ಇನ್ನೊಂದು ಕಾಲಿನ ಜೊತೆ ಹೋಲಿಸಬೇಕು. ಇನ್ನೊಂದು ಕಾಲಿನಲ್ಲಿ ನಾಡಿ ಚೆನ್ನಾಗಿ ಹೊಡೆಯುತ್ತಿದ್ದು, ಕೈಯ ನಾಡಿ ಲಯವಿಲ್ಲದೆ ಓಡುತ್ತಿದ್ದರೆ ಹೃದಯದಿಂದಲೇ ತುಂಡು ಬಂದಿದೆ ಎಂದು ಬಹುತೇಕ ಹೇಳಬಹುದು. ಅಂಗೈಯಲ್ಲಿ ಹಿಡಿಯುವ ಡಾಪ್ಲರ್ ಇದ್ದರೆ ಇನ್ನೂ ಒಳ್ಳೆಯದು. ಗರ್ಭಿಣಿಯರ ಮಗುವಿನ ಹೃದಯಬಡಿತ ಕೇಳಲು ಹೆರಿಗೆ ಕೋಣೆಯಲ್ಲಿರುವ ಡಾಪ್ಲರ್ ಕೂಡ, ಕಾಲಿಗೆಂದೇ ಮಾಡಿದ ಸಾಧನದಷ್ಟು ಸೂಕ್ಷ್ಮವಲ್ಲದಿದ್ದರೂ, ತೊಡೆಸಂದಿನಂಥ ದೊಡ್ಡ ನಾಳದ ಸದ್ದನ್ನು ಹಿಡಿಯಬಲ್ಲದು.

ತಪ್ಪು ಗುರುತಿಸುವಿಕೆಯೇ ಈ ಕಾಯಿಲೆಯಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು. ಸೊಂಟದಿಂದ ಇಳಿಯುವ ನರದ ನೋವು ಎಂದು ಬೆನ್ನಿನ ಎಕ್ಸ್‌ರೇ ತೆಗೆಸುವುದು, ವಾಯು ಹಿಡಿದಿದೆ ಎಂದು ಎಣ್ಣೆ ತಿಕ್ಕುವುದು ದಿನನಿತ್ಯದ ಮಾತು. ಮಹಾಧಮನಿ ಎರಡು ಕವಲಾಗುವ ಜಾಗದಲ್ಲೇ ದೊಡ್ಡ ತುಂಡೊಂದು ಕೂತರೆ ಎರಡೂ ಕಾಲು ಒಟ್ಟಿಗೆ ಸೋಲುತ್ತವೆ. ಆಗ ಅದನ್ನು ಬೆನ್ನುಹುರಿಯ ತೊಂದರೆ ಎಂದು ತಿಳಿದು ಎಂ.ಆರ್.ಐ.ಗೆ ಕಳಿಸಿಬಿಡುವ ಅಪಾಯವಿದೆ. ತೊಡೆಸಂದಿನ ಮೇಲೆ ಎರಡು ಬೆರಳಿಟ್ಟರೆ ಅಷ್ಟು ದೂರ ಹೋಗಬೇಕಾದ್ದೇ ಇಲ್ಲ. ಅಶುದ್ಧ ರಕ್ತ ಒಯ್ಯುವ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು ಇನ್ನೊಂದು ಕಾಯಿಲೆ. ಅಲ್ಲಿ ಕಾಲು ಊದಿ, ಬೆಚ್ಚಗಾಗಿ, ಕೆಂಪಾಗಿಯೋ ನೀಲಿಯಾಗಿಯೋ ಇರುತ್ತದೆ, ನಾಡಿ ಸಾಮಾನ್ಯವಾಗಿ ಸಿಗುತ್ತದೆ. ಇಲ್ಲಿ ಕಾಲು ಊದಿರುವುದಿಲ್ಲ, ಬಿಳಿಚಿ ತಣ್ಣಗಿರುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ತಣ್ಣಗಿರುವ ಕಾಲಿಗೆ ಬಿಸಿನೀರಿನ ಶಾಖ ಕೊಡುವುದು, ಬಿಸಿ ಇಟ್ಟಿಗೆ ಸುತ್ತಿ ಇಡುವುದು, ಬೆಂಕಿ ಕಾಯಿಸುವುದು ಪ್ರೀತಿಯಿಂದ ಮಾಡುವ ಕೆಲಸಗಳೇ. ಆದರೆ ರಕ್ತ ಹರಿಯದ ಚರ್ಮಕ್ಕೆ ಬಿಸಿಯನ್ನು ಸಾಗಿಸುವ ಶಕ್ತಿ ಇರುವುದಿಲ್ಲ. ಜೋಮು ಹಿಡಿದ ಕಾಲಿಗೆ ಸುಡುವುದೂ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದು ಆಮೇಲೆ ಕೊಳೆಯುತ್ತದೆ. ತಿಕ್ಕಬಾರದು, ಬಿಗಿಯಾಗಿ ಪಟ್ಟಿ ಸುತ್ತಬಾರದು, ದಿಂಬಿಟ್ಟು ಕಾಲನ್ನು ಮೇಲೆತ್ತಲೂಬಾರದು. ಮಲಗಿಸಿ ಕಾಲನ್ನು ಮೈಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿಟ್ಟು, ಹತ್ತಿ ಅಥವಾ ಮೆತ್ತನೆಯ ಹೊದಿಕೆಯನ್ನು ಸಡಿಲವಾಗಿ ಸುತ್ತಿ, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ನೋಡಿಕೊಂಡರೆ ಸಾಕು. ಶಸ್ತ್ರಚಿಕಿತ್ಸೆ ಆಗಬಹುದಾದ್ದರಿಂದ ಊಟ, ಕಾಫಿ ಕೊಡಬಾರದು. ನೋವು ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮುಂದೆ ಪ್ರತಿಯೊಬ್ಬ ವೈದ್ಯರೂ ಕೇಳುವ ಮೊದಲ ಪ್ರಶ್ನೆ ಅದೇ. ದಿನವೂ ನುಂಗುವ ಮಾತ್ರೆಗಳ ಚೀಟಿ, ಹಳೆಯ ಇಸಿಜಿ, ಎಕೋ ವರದಿ, ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗಿರಬೇಕು. 2008ರ ನವೆಂಬರ್ 1ರಂದು ಆರಂಭವಾದ ‘ಆರೋಗ್ಯ ಕವಚ’ದ 108ಕ್ಕೆ ಫೋನ್ ಮಾಡುವಾಗ ‘ಕಾಲು ನೋವು’ ಎಂದರೆ ಸಾಲದು. ‘ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿದೆ, ನಾಡಿ ಸಿಗುತ್ತಿಲ್ಲ’ ಎಂದೇ ಹೇಳಬೇಕು.

ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಆಗಬೇಕಾದ ಮುಖ್ಯ ಕೆಲಸ ಹೆಪಾರಿನ್. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1916ರಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿಯ ಪ್ರಯೋಗಗಳಿಂದ ಬೆಳಕಿಗೆ ಬಂದ ಈ ಮದ್ದು ಕಟ್ಟಿರುವ ಹೆಪ್ಪನ್ನು ಕರಗಿಸುವುದಿಲ್ಲ. ಅದು ಇನ್ನಷ್ಟು ಬೆಳೆಯದಂತೆ ತಡೆಯುತ್ತದೆ. ತಡೆಯ ಕೆಳಗೆ ರಕ್ತ ನಿಂತಲ್ಲೇ ನಿಂತು ಗಟ್ಟಿಯಾಗುತ್ತ, ಒಂದು ಗೇಣಿನ ತಡೆ ಎರಡು ಗೇಣಾಗುತ್ತ, ಪಾದದ ಕಿರುನಾಳಗಳವರೆಗೂ ಇಳಿದರೆ ಆಮೇಲೆ ಎಂಥ ಶಸ್ತ್ರಚಿಕಿತ್ಸಕರ ಕೈಗೂ ಎಟುಕುವುದಿಲ್ಲ. ದಾರಿಯಲ್ಲಿ ಕಳೆಯುವ ಗಂಟೆಗಳ ಹಾನಿಯನ್ನು ಹೆಪಾರಿನ್ ಕಡಿಮೆ ಮಾಡುವುದು ಹೀಗೆ. ಸಾಮಾನ್ಯ ಪ್ರಮಾಣ ಮೈತೂಕದ ಪ್ರತಿ ಕಿಲೋಗೆ 80 ಯೂನಿಟ್, ರಕ್ತನಾಳಕ್ಕೆ ಒಮ್ಮೆಲೇ. 60 ಕಿಲೋ ತೂಕದವರಿಗೆ ಹೆಚ್ಚುಕಡಿಮೆ 5000 ಯೂನಿಟ್. ಆಮೇಲೆ ಗಂಟೆಗೆ ಪ್ರತಿ ಕಿಲೋಗೆ 18 ಯೂನಿಟ್‌ನಂತೆ ಹನಿಹನಿಯಾಗಿ, ರಕ್ತಪರೀಕ್ಷೆ ನೋಡಿ ಹೊಂದಿಸುತ್ತ. ಔಷಧ ಅಂಗಡಿಯಲ್ಲಿ ಒಂದು ಎಂ.ಎಲ್.ಗೆ 1000 ಯೂನಿಟ್‌ನದೂ 5000 ಯೂನಿಟ್‌ನದೂ ಎರಡು ಬಗೆಯ 5 ಎಂ.ಎಲ್. ಸೀಸೆಗಳು ಸಿಗುತ್ತವೆ. ನೋಡಲು ಒಂದೇ ತರ, ಶಕ್ತಿ ಐದು ಪಟ್ಟು ಬೇರೆ. ಲೇಬಲ್ಲನ್ನು ಇಬ್ಬರು ಓದಿ ಗಟ್ಟಿಯಾಗಿ ಹೇಳಿಕೊಂಡೇ ಸಿರಿಂಜಿಗೆ ಎಳೆಯಬೇಕು. ಹೊಟ್ಟೆಯಲ್ಲಿ ರಕ್ತಸ್ರಾವ, ಇತ್ತೀಚಿನ ಮಿದುಳಿನ ರಕ್ತಸ್ರಾವ, ದೊಡ್ಡ ಗಾಯ ಇರುವವರಿಗೆ ಮಾತ್ರ ಕೊಡುವ ಮೊದಲು ಯೋಚಿಸಬೇಕು. ಹೆಚ್ಚಾದರೆ ಪ್ರೋಟಮಿನ್ ಎಂಬ ಮರುಮದ್ದು ಇದೆ. ಇದರ ಜೊತೆಗೆ ಆಮ್ಲಜನಕ, ಸಲೈನ್, ಸರಿಯಾದ ನೋವುನಿವಾರಕ, ಇಸಿಜಿ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ಆದರೆ ವರದಿಗಳಿಗಾಗಿ ಆಂಬ್ಯುಲೆನ್ಸ್ ನಿಲ್ಲಿಸಬಾರದು. ವರದಿ ಫೋನಿನಲ್ಲಿ ಹಿಂದಿನಿಂದ ಹೋಗಬಹುದು.

ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗೆ ‘ದೊಡ್ಡಾಸ್ಪತ್ರೆಗೆ’ ಎಂಬುದು ಉತ್ತರವಲ್ಲ. ಆ ಹೊತ್ತಿಗೆ, ಆ ರಾತ್ರಿಗೆ, ನಾಳ ತೆರೆದು ಹೆಪ್ಪು ತೆಗೆಯಬಲ್ಲ ಶಸ್ತ್ರಚಿಕಿತ್ಸಕರೂ ಅದಕ್ಕೆ ಬೇಕಾದ ಬಲೂನ್ ಕ್ಯಾಥೆಟರೂ ಎಲ್ಲಿವೆ ಎಂದು ಕೇಳಿಯೇ ಕಳಿಸಬೇಕು. ತರೀಕೆರೆಗೆ ಶಿವಮೊಗ್ಗ, ಕಡೂರಿಗೆ ಚಿಕ್ಕಮಗಳೂರು ಅಥವಾ ಹಾಸನ ಸಹಜವಾದ ದಿಕ್ಕು. ಅಜ್ಜಂಪುರದವರಿಗೆ ಹಳ್ಳಿಯನ್ನು ನೋಡಿ ದಿಕ್ಕು ಬದಲಾಗುತ್ತದೆ. ಶಿವಮೊಗ್ಗ, ಹಾಸನ, ಚಿಕ್ಕಮಗಳೂರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಅದರ ಮೈಸೂರು ಶಾಖೆ, ಬೆಂಗಳೂರಿನ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೆಂದೇ ಇರುವ ವಿಭಾಗ ಮುಂತಾದವು ಇನ್ನೂ ದೂರದವು. ಕಾಲಿನ ಸ್ಪರ್ಶ, ಚಲನೆ ಚೆನ್ನಾಗಿದ್ದರೆ ಹೆಪಾರಿನ್ ಹಾಕಿ ಬೆಂಗಳೂರಿಗೇ ನೇರ ಕಳಿಸುವುದು ತಪ್ಪಲ್ಲ. ಬೆರಳು ಅಲುಗಾಡುವುದು ನಿಂತಿದ್ದರೆ ಮಾತ್ರ ಹತ್ತಿರದಲ್ಲಿ ಆಗುವ ಸರಳ ಶಸ್ತ್ರಚಿಕಿತ್ಸೆ ದೂರದ ಉತ್ತಮ ಚಿಕಿತ್ಸೆಗಿಂತ ಎಷ್ಟೋ ಮೇಲು. ಹೃದಯಾಘಾತಕ್ಕೆ ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಇಂಥದೇ ಏರ್ಪಾಡು ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಕೊಟ್ಟು, ಆಮೇಲೆ ಕಳಿಸುತ್ತಾರೆ. ಎದೆಗೆ ಹಾಕಿರುವ ಈ ದಾರಿಯಲ್ಲೇ ಕಾಲನ್ನೂ ಸೇರಿಸಲು ಹೊಸ ಕಟ್ಟಡ ಬೇಕಿಲ್ಲ. ಒಂದು ಫೋನ್ ನಂಬರ್, ಒಂದು ಡಾಪ್ಲರ್, ಒಂದಿಷ್ಟು ಹೆಪಾರಿನ್ ಸಾಕು. ಇದು ಆಗಲೇಬೇಕಾದ ಕೆಲಸ.

ದೊಡ್ಡ ಆಸ್ಪತ್ರೆಯಲ್ಲಿ ಕಾಲಿನ ಸ್ಥಿತಿಯನ್ನು ರುದರ್‌ಫೋರ್ಡ್ ಹೆಸರಿನ ವರ್ಗೀಕರಣದಲ್ಲಿ ಅಳೆಯುತ್ತಾರೆ. ಮೊದಲ ವರ್ಗದ ಕಾಲಿಗೆ ತಕ್ಷಣದ ಅಪಾಯವಿಲ್ಲ. ಎರಡನೆಯದರಲ್ಲಿ ‘ಎ’ ಎಂದರೆ ಬೆರಳುಗಳಲ್ಲಷ್ಟೇ ಸ್ಪರ್ಶ ಮಂದವಾದ, ಚಲನೆ ಉಳಿದಿರುವ ಕಾಲು. ‘ಬಿ’ ಎಂದರೆ ಬೆರಳುಗಳನ್ನೂ ಮೀರಿ ಸ್ಪರ್ಶ ಹೋಗಿ ಚಲನೆಯೂ ಕುಂದಿದ ಕಾಲು, ತಡಮಾಡುವಂತಿಲ್ಲ. ಮೂರನೆಯದು ಕೈ ಮೀರಿದ ಕಾಲು. ‘ಎ’ ವರ್ಗದವರಿಗೆ ಸಿ.ಟಿ. ಆಂಜಿಯೋಗ್ರಾಂ ಮಾಡಿ ಮಹಾಧಮನಿಯಿಂದ ಪಾದದವರೆಗೆ ನಕ್ಷೆ ಪಡೆಯಲು ಸಮಯವಿರುತ್ತದೆ. ‘ಬಿ’ ವರ್ಗದವರಲ್ಲಿ, ತೊಡೆಸಂದಿನಲ್ಲೇ ತಡೆ ಇದೆ ಎಂದು ಕೈಗೆ ಸ್ಪಷ್ಟವಾಗಿದ್ದರೆ, ಸ್ಕ್ಯಾನಿಂಗ್‌ಗೆ ನಿಲ್ಲದೆ ನೇರ ಆಪರೇಷನ್ ಕೋಣೆಗೆ ಒಯ್ಯುವುದೇ ಸರಿ.

ಹೆಪ್ಪು ತೆಗೆಯುವ ಶಸ್ತ್ರಚಿಕಿತ್ಸೆ ಮೊದಲ ಬಾರಿಗೆ ಯಶಸ್ವಿಯಾದದ್ದು 1911ರಲ್ಲಿ, ಪ್ಯಾರಿಸ್ಸಿನ ಜಾರ್ಜ್ ಲಾಬೆಯವರ ಕೈಯಲ್ಲಿ. ಆದರೂ ಮುಂದಿನ ಐವತ್ತು ವರ್ಷ ಅದು ದೊಡ್ಡ ಕೊಯ್ತದ, ಅನಿಶ್ಚಿತ ಫಲದ ಕೆಲಸವಾಗಿಯೇ ಉಳಿಯಿತು. ಅದನ್ನು ಬದಲಿಸಿದವರು ಥಾಮಸ್ ಫೋಗಾರ್ಟಿ. ಅಮೆರಿಕದ ಸಿನ್ಸಿನಾಟಿಯಲ್ಲಿ, ಜಾಕ್ ಕ್ರಾನ್ಲಿ ಎಂಬ ಶಸ್ತ್ರಚಿಕಿತ್ಸಕರ ಜೊತೆ ಹುಡುಗನಾಗಿ ಕೆಲಸ ಮಾಡುತ್ತಿದ್ದ ಅವರು, ಇಂಥ ರೋಗಿಗಳು ಕಾಲು ಕಳೆದುಕೊಳ್ಳುವುದನ್ನು, ಸಾಯುವುದನ್ನು ಕಂಡು ಬೇರೆ ದಾರಿ ಹುಡುಕತೊಡಗಿದರು. ಮೂತ್ರದ ಕ್ಯಾಥೆಟರಿನ ತುದಿಗೆ ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸಿನ ಬೆರಳ ತುದಿಯನ್ನು ಕತ್ತರಿಸಿ, ಮೀನು ಹಿಡಿಯುವ ಗಾಳದ ಗಂಟಿನಿಂದ ಬಿಗಿದು ಮೊದಲ ಬಲೂನ್ ಮಾಡಿದರು. 1961ರಲ್ಲಿ ಅದನ್ನು ರೋಗಿಯ ಮೇಲೆ ಬಳಸಲಾಯಿತು, 1963ರಲ್ಲಿ ಪ್ರಕಟವಾಯಿತು. ಜಗತ್ತಿನಾದ್ಯಂತ ಇಂದಿಗೂ ಅದೇ ಉಪಕರಣ, ಅವರದೇ ಹೆಸರು.

ತೊಡೆಸಂದಿನ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿ ಲಂಬವಾಗಿ ಕೊಯ್ದು, ನಾಳವನ್ನು ಬಿಡಿಸಿ, ಅದರ ಮೂರು ಕವಲಿಗೂ ಸಣ್ಣ ರಬ್ಬರ್ ದಾರ ಹಾಕಿ ಹಿಡಿದುಕೊಳ್ಳುತ್ತಾರೆ. ಮುಚ್ಚಿದ ನಾಳ ಮಿಡಿಯುವುದಿಲ್ಲ, ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಸಣ್ಣದೊಂದು ಸೀಳು ಮಾಡಿ, ಗಾಳಿ ತುಂಬದ ಬಲೂನಿನ ಕ್ಯಾಥೆಟರನ್ನು ಮೆಲ್ಲಗೆ ಪಾದದ ಕಡೆಗೆ ತೂರಿಸುತ್ತಾರೆ. ಹೆಪ್ಪನ್ನು ದಾಟಿದ ಮೇಲೆ ಒಂದಿಷ್ಟು ಸಲೈನ್ ತುಂಬಿ ಬಲೂನನ್ನು ಉಬ್ಬಿಸಿ, ಹಿಂದಕ್ಕೆ ಎಳೆಯುತ್ತಾರೆ. ಎಳೆಯುವ ಕೈಯೇ ಬಲೂನಿನ ಬಿಗಿಯನ್ನು ಹೊಂದಿಸುತ್ತಿರಬೇಕು. ಜೋರು ಹೆಚ್ಚಾದರೆ ನಾಳದ ಒಳಪದರ ಕಿತ್ತುಬರುತ್ತದೆ. ಮೊದಲು ಕಂದುಗೆಂಪು ಮಾಂಸದಂತಹ ಮೂಲ ತುಂಡು, ಅದರ ಹಿಂದೆ ಕಪ್ಪಗೆ ಉದ್ದಕ್ಕೆ ಬಾಲದಂತೆ ಆಮೇಲೆ ಕಟ್ಟಿದ ಹೆಪ್ಪು ಹೊರಬರುತ್ತವೆ. ಏನೂ ಬರದವರೆಗೆ, ಕೆಳಗಿನಿಂದ ರಕ್ತ ತಾನಾಗಿ ಹಿಮ್ಮರಳಿ ಚಿಮ್ಮುವವರೆಗೆ, ಮತ್ತೆ ಮತ್ತೆ ಎಳೆದು, ಮೇಲಿನ ಕಡೆಯೂ ಹೀಗೆಯೇ ಮಾಡಿ, ಕೂದಲಿನಷ್ಟು ತೆಳುವಾದ ದಾರದಿಂದ ಹೊಲಿದು ಮುಗಿಸುತ್ತಾರೆ. ಎಲ್ಲವೂ ಸರಿಹೋದರೆ ಟೇಬಲ್ ಮೇಲೆಯೇ ಪಾದ ಗುಲಾಬಿಯಾಗಿ ಬೆಚ್ಚಗಾಗುತ್ತದೆ. ಹೃದಯದಿಂದ ಬಂದ ತುಂಡಿಗೆ ಇದು ಬಹಳ ಒಳ್ಳೆಯ ಚಿಕಿತ್ಸೆ. ಅದಕ್ಕಾಗಿಯೇ ತರಬೇತಿ ಪಡೆದ ಸಾಮಾನ್ಯ ಶಸ್ತ್ರಚಿಕಿತ್ಸಕರೂ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಬಹುದಾದದ್ದು. ರಕ್ತನಾಳದ ತಜ್ಞರು ದೂರವಿದ್ದಾರೆ ಎಂಬ ಒಂದೇ ಕಾರಣಕ್ಕೆ ಇಂಥ ಕಾಲುಗಳು ಹೋಗುವುದು ದೊಡ್ಡ ದುಃಖ. ಬಲೂನ್ ಕ್ಯಾಥೆಟರುಗಳ ಒಂದು ಜೊತೆ ಪ್ರತಿ ಜಿಲ್ಲಾ ಆಸ್ಪತ್ರೆಯ ಆಪರೇಷನ್ ಕೋಣೆಯ ಅಲಮಾರಿಯಲ್ಲಿ ಇರಲೇಬೇಕು.

ನಾಳದಲ್ಲೇ ಕಟ್ಟಿಕೊಂಡ ಹೆಪ್ಪಿಗೆ, ಹಳೆಯ ಬೈಪಾಸ್ ಮುಚ್ಚಿಕೊಂಡದ್ದಕ್ಕೆ ಬರೀ ಬಲೂನ್ ಸಾಲದು. ಅಡಿಯಲ್ಲಿರುವ ಕಿರಿದಾದ ನಾಳವನ್ನೂ ಸರಿಪಡಿಸಬೇಕು. ಸಣ್ಣ ಕೊಳವೆಯನ್ನು ಹೆಪ್ಪಿನೊಳಗೇ ಇಟ್ಟು ಅಲ್ಟೆಪ್ಲೇಸ್ ಅಥವಾ ಯುರೋಕೈನೇಸ್‌ನಂಥ ಕರಗಿಸುವ ಮದ್ದನ್ನು ಹನಿಸುವುದು ಒಂದು ದಾರಿ. 1990ರ ದಶಕದ ದೊಡ್ಡ ಅಧ್ಯಯನಗಳು ಇದನ್ನು ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿ, ಆಯ್ದ ರೋಗಿಗಳಲ್ಲಿ ಎರಡೂ ಒಂದಕ್ಕೊಂದು ಸಮ ಎಂದವು. ಆದರೆ ಮದ್ದಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಕರಗಲು ಹಲವು ಗಂಟೆ ಬೇಕು. ಆದ್ದರಿಂದ ಚಲನೆ ನಿಂತ ಕಾಲಿಗೆ ಅದು ಹೊಂದುವುದಿಲ್ಲ. ಹೆಪ್ಪನ್ನು ಹೀರಿ ತೆಗೆಯುವ ಕ್ಯಾಥೆಟರ್, ಬಲೂನ್ ಹಿಗ್ಗಿಸುವಿಕೆ, ಸ್ಟೆಂಟ್, ಕೊನೆಗೆ ರೋಗಿಯದೇ ಅಭಿಧಮನಿಯಿಂದ ಬೈಪಾಸ್ ಇವೆಲ್ಲ ತಜ್ಞ ಕೇಂದ್ರದ ಕೆಲಸ.

ರಕ್ತ ಹರಿದ ಕೂಡಲೇ ಅಪಾಯ ಮುಗಿಯುವುದಿಲ್ಲ. ಗಂಟೆಗಟ್ಟಲೆ ಹಸಿದಿದ್ದ ಸ್ನಾಯುವಿಗೆ ರಕ್ತ ನುಗ್ಗಿದಾಗ ಅದು ಊದುತ್ತದೆ. ಮೊಣಕಾಲ ಕೆಳಗಿನ ಸ್ನಾಯುಗಳು ಹಿಗ್ಗದ ಪೊರೆಗಳ ನಾಲ್ಕು ಕೋಣೆಗಳಲ್ಲಿವೆ. ಒಳಗಿನ ಒತ್ತಡ ಏರಿ ಕಿರುನಾಳಗಳನ್ನೇ ಅಮುಕುತ್ತದೆ. ಬೆರಳನ್ನು ಸ್ವಲ್ಪ ಮಡಿಸಿದರೂ ತಡೆಯಲಾಗದ ನೋವು, ಮೀನಖಂಡ ಮರದಂತೆ ಬಿರುಸಾಗುವುದು ಅದರ ಗುರುತು. ಪಾದದಲ್ಲಿ ನಾಡಿ ಸಿಗುತ್ತಿರುವಾಗಲೂ ಇದು ಆಗಬಹುದು. ಕಾಲಿನ ಎರಡೂ ಬದಿಯಲ್ಲಿ ಉದ್ದಕ್ಕೆ ಕೊಯ್ದು ನಾಲ್ಕೂ ಕೋಣೆಗಳನ್ನು ತೆರೆದುಬಿಡುವುದೊಂದೇ ಪರಿಹಾರ. ಗಾಯ ಕೆಲವು ದಿನ ಹಾಗೆಯೇ ತೆರೆದಿರುತ್ತದೆ. ಮನೆಯವರು ಅದನ್ನು ನೋಡಿ ಹೆದರುತ್ತಾರೆ. ಇದನ್ನು ಮೊದಲೇ ಹೇಳಿ ತಿಳಿಸುವುದು ವೈದ್ಯರ ಕರ್ತವ್ಯ. ಊತ ಇಳಿದ ಮೇಲೆ ಹೊಲಿಯುತ್ತಾರೆ, ಅಥವಾ ತೊಡೆಯ ಚರ್ಮ ತೆಗೆದು ಹೊದಿಸುತ್ತಾರೆ. ಸತ್ತ ಸ್ನಾಯುವಿನಿಂದ ಹೊರಬಂದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಸ್ನಾಯುವಿನ ಬಣ್ಣದ ವಸ್ತು ಮೂತ್ರವನ್ನು ಕೋಲಾದಂತೆ ಕಪ್ಪಾಗಿಸಿ ಮೂತ್ರಪಿಂಡ ಕೆಡಿಸುತ್ತದೆ. ಇದಕ್ಕೆ ಚಿಕಿತ್ಸೆ ಹೆಚ್ಚು ಸಲೈನ್, ಕ್ಯಾಲ್ಸಿಯಂ, ಇನ್ಸುಲಿನ್ ಜೊತೆಗೆ ಗ್ಲೂಕೋಸ್, ಬೇಕಾದರೆ ಡಯಾಲಿಸಿಸ್. ಮೊದಲ ಎರಡು ದಿನ ಗಂಟೆಗಂಟೆಗೂ ಮೂತ್ರ ಅಳೆಯುವುದು ಇದಕ್ಕಾಗಿ.

ಮೂರನೆಯ ವರ್ಗದ ಕಾಲಿನಲ್ಲಿ ಸ್ಪರ್ಶ, ಚಲನೆ ಎರಡೂ ಇರುವುದಿಲ್ಲ, ಸ್ನಾಯು ಬಿಗಿದಿರುತ್ತದೆ, ಚರ್ಮದ ನೀಲಿ ಮಚ್ಚೆಗಳು ಒತ್ತಿದರೂ ಮಾಯವಾಗುವುದಿಲ್ಲ. ಅಂಥ ಕಾಲಿಗೆ ರಕ್ತ ಮತ್ತೆ ಹರಿಸಿದರೆ ಸತ್ತ ಸ್ನಾಯುವಿನ ವಿಷ ಮೈಗೆಲ್ಲ ಹರಡಿ ಜೀವಕ್ಕೇ ಎರವಾಗುತ್ತದೆ. ಕಾಲು ತೆಗೆಯುವುದೇ ಅಲ್ಲಿ ಜೀವ ಉಳಿಸುವ ಚಿಕಿತ್ಸೆ. ಮೊಣಕಾಲನ್ನು ಉಳಿಸಿಕೊಳ್ಳಲು ಸಾಧ್ಯವಾದರೆ ಮುಂದೆ ಕೃತಕ ಕಾಲಿನಲ್ಲಿ ನಡೆಯುವುದು ಬಹಳ ಸುಲಭ. ಜೈಪುರದಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪ್ರಮೋದ್ ಕರಣ್ ಸೇಠಿ 1968ರ ಸುಮಾರಿಗೆ ರೂಪಿಸಿದ ರಬ್ಬರ್ ಪಾದದಲ್ಲಿ ಹೊಲದ ಕೆಲಸವನ್ನೂ ಮಾಡಬಹುದು, ನೆಲದ ಮೇಲೂ ಕೂರಬಹುದು.

ಗಾಯದಿಂದ ಆಗುವ ತಡೆಗೆ ಈ ಸೀಮೆಯಲ್ಲಿ ಕಾರಣಗಳು ಬೇಕಾದಷ್ಟಿವೆ. ಹೆದ್ದಾರಿಯ ಬೈಕ್ ಅಪಘಾತ, ತೆಂಗಿನ ಮರದಿಂದ ಬೀಳುವುದು, ಟ್ರ್ಯಾಕ್ಟರ್ ಮಗುಚುವುದು. ಮೊಣಕಾಲು ಕೀಲು ತಪ್ಪಿದಾಗ ಅದರ ಹಿಂದಿನ ಅಪಧಮನಿ ಹಿಗ್ಗಿ ಒಳಪದರ ಹರಿಯುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣದೆ ಕಾಲು ಸಾಯಬಹುದು. ಎಲುಬು ಮುರಿದವರೆಲ್ಲರಲ್ಲೂ ಮೂಳೆಯನ್ನು ಎಳೆದು ಕೂರಿಸುವ ಮೊದಲೂ ಕೂರಿಸಿದ ಮೇಲೂ ಪಾದದ ನಾಡಿಯನ್ನು ನೋಡಿ ಬರೆಯಬೇಕು. ಮೂಳೆ ಕಟ್ಟುವವರಲ್ಲಿ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದ ಮೇಲೆ, ಅಥವಾ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ ರಾತ್ರಿಯಾದರೂ ಕಟ್ಟನ್ನು ಸಡಿಲಿಸಲೇಬೇಕು. ಬೆಳಿಗ್ಗೆಯವರೆಗೆ ಸಹಿಸಿಕೊಳ್ಳುವಂತೆ ಹೇಳುವುದು ಕಾಲನ್ನೇ ತೆಗೆಸಿಬಿಡಬಹುದು. ಹಾವು ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವುದೂ ಹೀಗೆಯೇ ರಕ್ತ ನಿಲ್ಲಿಸುತ್ತದೆ, ವಿಷವನ್ನು ಮಾತ್ರ ತಡೆಯುವುದಿಲ್ಲ. ಕಟ್ಟಲೇಬಾರದು. ಆಗಲೇ ಕಟ್ಟಿದ್ದರೆ ಬಿಚ್ಚುವುದು ಆಸ್ಪತ್ರೆಯಲ್ಲಿ, ವೈದ್ಯರ ಎದುರಿನಲ್ಲಿ.

ಕಾಲು ಉಳಿದ ಮೇಲೆ ಮನೆಗೆ ಬರುವ ರೋಗಿಯ ಚಿಕಿತ್ಸೆ ಮತ್ತೆ ತಾಲ್ಲೂಕಿನ ಕೈಗೇ ಬರುತ್ತದೆ. ಎಕೋ ಮಾಡಿಸಿ ತುಂಡು ಬಂದ ಮೂಲ ಹುಡುಕದೆ ಬಿಟ್ಟರೆ ಮುಂದಿನ ತುಂಡು ಇನ್ನೊಂದು ಕಾಲಿಗೋ ಮಿದುಳಿಗೋ ಹೋಗುತ್ತದೆ. ಕಿರಿದಾದ ಮೈಟ್ರಲ್ ವಾಲ್ವ್ ಇರುವವರಿಗೆ, ಕೃತಕ ವಾಲ್ವ್ ಇರುವವರಿಗೆ ವಾರ್ಫರಿನ್ ಅಥವಾ ಅಸಿಟ್ರಾಂ ಎಂದು ಜನ ಕರೆಯುವ ಮಾತ್ರೆಯೇ ಆಗಬೇಕು. ರಿವರೊಕ್ಸಬ್ಯಾನ್‌ನಂಥ ಹೊಸ ಮಾತ್ರೆಗಳು ಬೇರೆ ಬಗೆಯ ಲಯದೋಷಕ್ಕೆ ಒಳ್ಳೆಯವು. ಆದರೆ ಕೀಲುವಾತದ ಜ್ವರದಿಂದ ವಾಲ್ವ್ ಕೆಟ್ಟವರಲ್ಲಿ ಹಳೆಯ ಮಾತ್ರೆಗಿಂತ ಕೀಳು ಎಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿದೆ. ಹಳೆಯ ಮಾತ್ರೆಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಬೇಕು. ಹೆಚ್ಚಿನವರಲ್ಲಿ ಅದು 2 ಮತ್ತು 3ರ ನಡುವೆ ಇರಬೇಕು. ಮೊದಮೊದಲು ವಾರವಾರ, ಆಮೇಲೆ ತಿಂಗಳಿಗೊಮ್ಮೆ ನೋಡಬೇಕಾದ ಈ ಪರೀಕ್ಷೆಗೆಂದು ಕೂಲಿ ಬಿಟ್ಟು ಊರೂರು ಅಲೆಯಬೇಕಾಗಿ ಬಂದರೆ ಜನ ಮಾತ್ರೆಯನ್ನೇ ಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲೇ ಅದು ಆಗುವುದು ಇನ್ನೊಂದು ಕಾಲನ್ನು ಉಳಿಸುವ ಚಿಕಿತ್ಸೆಯೇ ಸರಿ. ಸೊಪ್ಪು ತಿನ್ನುವುದನ್ನು ಪೂರ್ತಿ ಬಿಡಬೇಕಿಲ್ಲ, ದಿನವೂ ಒಂದೇ ಅಳತೆಯಲ್ಲಿದ್ದರೆ ಸಾಕು. ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ನುಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಗರ್ಭ ನಿಂತರೆ ತಕ್ಷಣ ತಿಳಿಸಬೇಕು. ವಾಲ್ವ್ ಕೆಟ್ಟ ಚಿಕ್ಕ ವಯಸ್ಸಿನವರಿಗೆ 21 ದಿನಕ್ಕೊಮ್ಮೆ ಬೆಂಜಥಿನ್ ಪೆನ್ಸಿಲಿನ್ ಇಂಜೆಕ್ಷನ್ ತಪ್ಪಬಾರದು. ನಾಳವೇ ಕೆಟ್ಟವರಿಗೆ ಆಸ್ಪಿರಿನ್, ಕೊಬ್ಬು ಇಳಿಸುವ ಸ್ಟಾಟಿನ್, ಸಕ್ಕರೆ ಮತ್ತು ರಕ್ತದೊತ್ತಡದ ಹಿಡಿತ, ಬೀಡಿಯ ಪೂರ್ಣವಿರಾಮ. ಖರ್ಚಿನ ಭಯವೂ ಜನರನ್ನು ಮನೆಯಲ್ಲೇ ಕೂರಿಸುತ್ತದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ಅವಕಾಶವಿದೆ. ಆ ಕಾರ್ಡನ್ನು ಕಾಯಿಲೆ ಬಂದ ರಾತ್ರಿ ಹುಡುಕುವ ಬದಲು ಮೊದಲೇ ಮಾಡಿಸಿ, 108ರ ಗಾಡಿ ಹತ್ತುವಾಗ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಬೇಕು.